ವಿಎಲ್‌ಸಿಯಲ್ಲಿ ಬಯಲಾಟದ ವಿಡಿಯೋ: ಚೆಂಡೆ ಮೊದಲು ಕೇಳ್ತದೆ, ಕೋಲು ಆಮೇಲೆ

ಕುಂಬಳೆಹೊಳೆ:
ಫೋನಿನಲ್ಲಿ ತೆಗೆದ ಆಟದ ವಿಡಿಯೋ, 1080ಪಿ, ಪೆನ್‌ಡ್ರೈವಿನಲ್ಲಿ ಉಂಟು. ಲ್ಯಾಪ್‌ಟಾಪ್ ಹಳತು, ಇಂಟೆಲ್ 4ನೇ ತಲೆಮಾರು, ವಿಡಿಯೋ ಪ್ಲೇಯರ್ ವಿಎಲ್‌ಸಿ 3. ಶಬ್ದ ಮುಂದೆ, ಚಿತ್ರ ಹಿಂದೆ. ವಾಲ್ಯೂಮ್ 125ಕ್ಕೆ ಏರಿಸಿದರೆ ಚೆಂಡೆ ಒಡಕು, ಇಳಿಸಿದರೆ ವೇಷದವರ ಮಾತು ಕೇಳುವುದಿಲ್ಲ. ಒಂದು ಪದದ (ಹಾಡಿನ) ಬಿಡ್ತಿಗೆಯನ್ನು, ಅಂದರೆ ಚೆಂಡೆ-ಮದ್ದಳೆಯ ನುಡಿಕಟ್ಟನ್ನು ಮಾತ್ರ ತಿರುಗಿ ತಿರುಗಿ ಕೇಳುವುದು ಹೇಗೆ?

ಗಡಿನಾಡು ಪಿಸಿ:
ಮೊದಲು ಫೈಲನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಅಂತರ ಶುರುವಿನಲ್ಲೂ ಒಂದು ಗಂಟೆ ಕಳೆದ ಮೇಲೂ ಅಷ್ಟೇ ಉಂಟಾ ನೋಡಿ. ಅಷ್ಟೇ ಇದ್ದರೆ ಕೆ ಕೀ ಒತ್ತಿ, ಒಂದೊಂದು ಒತ್ತಿಗೆ ಶಬ್ದ 50 ಮಿಲಿಸೆಕೆಂಡು ಹಿಂದೆ ಸರಿಯುತ್ತದೆ. ಅತಿಯಾದರೆ ಜೆ. ಅಂತರ ಬೆಳೆಯುತ್ತಾ ಹೋದರೆ ಕೆ ಒತ್ತಿ ಪ್ರಯೋಜನ ಇಲ್ಲ. ಆಗ ಕಂಟ್ರೋಲ್ ಮತ್ತು ಜೆ ಒತ್ತಿ ಕೋಡೆಕ್ (ವಿಡಿಯೋ ಕುಗ್ಗಿಸಿದ ವಿಧಾನ) ಏನು ನೋಡಿ, ಪಕ್ಕದ ಸ್ಟ್ಯಾಟಿಸ್ಟಿಕ್ಸಿನಲ್ಲಿ ಲಾಸ್ಟ್ ಫ್ರೇಮ್ಸ್ (ತಪ್ಪಿಹೋದ ಚಿತ್ರಗಳ ಲೆಕ್ಕ) ಏರುತ್ತಾ ಉಂಟಾ ಅಂತಲೂ ನೋಡಿ.

ಚಕ್ರತಾಳ:
100ರ ಮೇಲೆ ಏರಿಸಿದರೆ ಸಾಫ್ಟ್‌ವೇರ್ ಶಬ್ದವನ್ನು ಎಳೆದು ದೊಡ್ಡದು ಮಾಡುವುದು. ಚೆಂಡೆಯ ಪೆಟ್ಟು ಮೊದಲೇ ಮಿತಿ ಮುಟ್ಟಿರುತ್ತದೆ, ತುದಿ ಕತ್ತರಿಸಿ ಹೋಗುತ್ತದೆ. ಅದೇ ಒಡಕು. 100ರಲ್ಲೇ ಇಟ್ಟು ಕಂಟ್ರೋಲ್ ಇ, ಆಡಿಯೋ ಎಫೆಕ್ಟ್ಸ್, ಕಂಪ್ರೆಸರ್. ಅದು ಜೋರು ಸದ್ದನ್ನು ತಗ್ಗಿಸುವುದು. ಥ್ರೆಶೋಲ್ಡ್ ಮೈನಸ್ 20, ರೇಶಿಯೋ 4, ಮೇಕಪ್ ಗೇನ್ 6ರಿಂದ ಶುರು ಮಾಡಿ. ಅಟ್ಯಾಕ್ (ತಗ್ಗಿಸಲಿಕ್ಕೆ ಹಿಡಿಯುವ ಸಮಯ) 5 ಮಿಲಿಸೆಕೆಂಡಿಗಿಂತ ಕೆಳಗೆ ಇರಲಿ, ಇಲ್ಲದಿದ್ದರೆ ಪೆಟ್ಟಿನ ಮೊದಲ ಸದ್ದು ತಪ್ಪಿಸಿಕೊಂಡು ಬರ್ತದೆ. ಆದರೆ ಫೋನಿನ ಮೈಕಿನಲ್ಲೇ ಒಡೆದು ರೆಕಾರ್ಡ್ ಆಗಿದ್ದರೆ ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ.

ಬಿಡ್ತಿಗೆಗೆ ವ್ಯೂ ಮೆನುವಿನಲ್ಲಿ ಅಡ್ವಾನ್ಸ್‌ಡ್ ಕಂಟ್ರೋಲ್ಸ್ ಆನ್ ಮಾಡಿ. ಎ-ಬಿ ಬಟನ್ ಶುರುವಿಗೊಮ್ಮೆ, ಮುಕ್ತಾಯಕ್ಕೊಮ್ಮೆ ಒತ್ತಿ. ಮೂರನೇ ಸಲಕ್ಕೆ ರದ್ದು. ಎಡ ಚೌಕ ಆವರಣದ ಕೀ ವೇಗ ಇಳಿಸುತ್ತದೆ, ಶ್ರುತಿ ಹಾಗೇ ಇರುತ್ತದೆ. ತುಂಬಾ ಇಳಿಸಬೇಡಿ, ಒಂದು ಪೆಟ್ಟು ಎರಡಾಗಿ ಕೇಳಿ ಲೆಕ್ಕ ತಪ್ಪುತ್ತದೆ. ಮದ್ದಳೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಚೆಂಡೆಯಲ್ಲಿ ಕೂಡಲೇ ಗೊತ್ತಾಗ್ತದೆ.

ಕುಂಬಳೆಹೊಳೆ:
ಶಬ್ದ ಸರಿಯಾಯಿತು, ಲೂಪೂ ಸಿಕ್ಕಿತು. ಆದರೆ ಅಂತರ ಬೆಳೆಯುವುದೇ. ಕೋಡೆಕ್ ಎಚ್.265, ಲಾಸ್ಟ್ ಫ್ರೇಮ್ಸ್ ಏರುತ್ತಲೇ ಉಂಟು.

ಗಡಿನಾಡು ಪಿಸಿ:
ಅಲ್ಲೇ ಉಂಟು ನೋಡಿ. ನಿಮ್ಮ ಚಿಪ್ಪಿನಲ್ಲಿ ಎಚ್.265 ಬಿಡಿಸಲಿಕ್ಕೆ ಪ್ರತ್ಯೇಕ ಭಾಗ ಇಲ್ಲ, ಎಲ್ಲ ಹೊರೆ ಪ್ರೊಸೆಸರಿನ ತಲೆಗೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಕನ್ವರ್ಟ್ ಮಾಡುವ ಸಾಫ್ಟ್‌ವೇರ್ ಹಾಕಿ, ಫಾಸ್ಟ್ 720ಪಿ30 ಪ್ರಿಸೆಟ್ ಆರಿಸಿ, ವಿಡಿಯೋ ಟ್ಯಾಬಿನಲ್ಲಿ ಫ್ರೇಮ್‌ರೇಟನ್ನು ಕಾನ್‌ಸ್ಟಂಟ್ ಮಾಡಿ. ಫೋನಿನ ವಿಡಿಯೋದಲ್ಲಿ ಫ್ರೇಮ್‌ರೇಟ್ ಏರಿಳಿಯುತ್ತಾ ಇರ್ತದೆ, ಅದೂ ಇದರಲ್ಲಿ ಸರಿಯಾಗ್ತದೆ. ಇಡೀ ರಾತ್ರಿಯ ಆಟವಾದರೆ ಕನ್ವರ್ಟಿಗೂ ಒಂದು ರಾತ್ರಿ ಬೇಕು ಅಂತಲೇ ಇಟ್ಟುಕೊಳ್ಳಿ. ಹೊಸ ಫೈಲ್ 4 ಜಿಬಿ ದಾಟಿದರೆ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ ಹೋಗುವುದಿಲ್ಲ. ಅದರಲ್ಲಿದ್ದದ್ದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ.