ರೆಸಿಸ್ಟೆನ್ಸ್‌ಗೆ ತಡೆಯೋ, ರೋಧವೋ? ಪವರ್‌ಗೆ ಏನು? (ಸ್ವಲ್ಪ ತುರ್ತು)

ಗೆಳೆಯರೇ,

ಪ್ರಯೋಗಾಲಯದ ಗೋಡೆಗೆ ಹಾಕುವ ಫಲಕವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಮೀಟರಿನಲ್ಲಿ ಓದಿದ ವೋಲ್ಟೇಜು, ಕರೆಂಟುಗಳಿಂದ ಉಳಿದದ್ದನ್ನು ಲೆಕ್ಕ ಹಾಕುವುದು ಹೇಗೆ ಅಂತ ತೋರಿಸುವ ಫಲಕ. ಉದಾಹರಣೆ ಹೀಗಿದೆ: 12 ವೋಲ್ಟ್, 0.5 ಆಂಪಿಯರ್. ಭಾಗಿಸಿದರೆ ರೆಸಿಸ್ಟೆನ್ಸ್ 24 ಓಮ್. ಗುಣಿಸಿದರೆ ಪವರ್ 6 ವಾಟ್. ಹತ್ತು ನಿಮಿಷ ಬಿಟ್ಟರೆ ಎನರ್ಜಿ 3600 ಜೂಲ್, ಅಂದರೆ ಸರಿಯಾಗಿ 1 ವಾಟ್-ಗಂಟೆ.

ಲೆಕ್ಕದಲ್ಲಿ ತೊಂದರೆಯಿಲ್ಲ, ತಲೆಬರಹದಲ್ಲಿದೆ. 24ರ ಮೇಲೆ ರೋಧ, ಪ್ರತಿರೋಧ, ತಡೆ, ಯಾವುದನ್ನು ಬರೆಯಲಿ? 6 ವಾಟಿಗೂ 3600 ಜೂಲಿಗೂ ಎರಡಕ್ಕೂ 'ಶಕ್ತಿ' ಅಂತ ಬರೆಯುವವರಿದ್ದಾರೆ. ಇಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. ಕಂಬಸಾಲು ಕಿರಿದು, ಉದ್ದನೆ ಪದ ಹಿಡಿಸುವುದಿಲ್ಲ.

* * *

ರೋಧ, ಸಾಮರ್ಥ್ಯ, ಶಕ್ತಿ. ಶಾಲೆಯ ಪುಸ್ತಕದಲ್ಲಿ ಇರುವ ಪದಗಳೇ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

* * *

> ರೋಧ, ಸಾಮರ್ಥ್ಯ, ಶಕ್ತಿ.

ಒಪ್ಪುವುದಿಲ್ಲ. 'ರೋಧ' ಕನ್ನಡಿಗರ ಬಾಯಲ್ಲಿ ಒಂಟಿಯಾಗಿ ಬರುವುದೇ ಇಲ್ಲ. ವಿರೋಧ, ನಿರೋಧ, ಅವರೋಧ ಅಂತ ಮುಂದೆ ಏನಾದರೂ ಅಂಟಿಕೊಂಡೇ ಬರುತ್ತದೆ. 'ತಡೆ' ಮಗುವಿಗೂ ಗೊತ್ತು. ತಮಿಳಿನವರು 'ಮಿನ್‌ತಡೈ' ಅಂತ ಯಾವತ್ತೋ ಮಾಡಿಕೊಂಡು ಓದುತ್ತಿದ್ದಾರೆ. ನಾವು ಮಾತ್ರ ಸಂಸ್ಕೃತದ 'ರುಧ್' ಧಾತುವನ್ನು ಬಿಡುತ್ತಿಲ್ಲ. ತಡೆ ಅಂತ ಬರೆಯಿರಿ. ಎನರ್ಜಿಗೆ ಕಸುವು, ಪವರ್‌ಗೆ ಅಳವು. ಮೂರೂ ಚಿಕ್ಕ ಪದಗಳು, ನಿಮ್ಮ ಕಂಬಸಾಲಿಗೂ ಹಿಡಿಸುತ್ತವೆ.

* * *

ನಾಳೆ ಇದನ್ನೇ ಹಿಡಿದು ಯಾರಾದರೂ 'ವಿದ್ಯುತ್ತಡೆ' ಅಂತ ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿ ಬರೆಯುತ್ತಾರೆ. ಅದು ಅರಿಸಮಾಸ. ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜ ಅದನ್ನು ಬಿರುದಾವಳಿಗೆ ಬಿಟ್ಟುಕೊಟ್ಟ, ಹಳೆಯ ಕವಿಗಳು ಬಳಸಿದ್ದಕ್ಕೆ ಬಿಟ್ಟುಕೊಟ್ಟ. ಪ್ರಯೋಗಾಲಯದ ಫಲಕಕ್ಕೆ ಬಿಟ್ಟುಕೊಡಲಿಲ್ಲ.

* * *

> ಅದು ಅರಿಸಮಾಸ.

'ತಡೆಯಾಜ್ಞೆ' ಏನು ಹಾಗಾದರೆ? ದಿನಾ ಪತ್ರಿಕೆಯಲ್ಲಿ ಓದುತ್ತೀರಿ, ಅಲ್ವಾ?

* * *

ಸಮಾಸ ಆಮೇಲೆ ನೋಡೋಣ. ನಾನು ಇಡೀ ದಿನ ಈ ಬಿಡಿಭಾಗಗಳ ಜೊತೆ ಕೆಲಸ ಮಾಡುವವನು. 'ತಡೆ' ನನಗೂ ಇಷ್ಟದ ಪದ, ಆದರೆ ಈ ಜಾಗದಲ್ಲಿ ಅದು ಮೋಸ ಮಾಡುತ್ತದೆ.

ತಡೆಯುವುದು ಅಂದರೆ ನಿಲ್ಲಿಸುವುದು ಒಂದೇ ಅಲ್ಲ, ತಾಳಿಕೊಳ್ಳುವುದೂ ಹೌದು. 'ನೋವು ತಡೆಯೋಕಾಗ್ತಿಲ್ಲ' ಅನ್ನುತ್ತೇವೆ. ಮೇಜಿನ ಮೇಲೆ 24 ಓಮಿನ ಒಂದು ರೆಸಿಸ್ಟರ್ (ರೋಧಕ) ಇಟ್ಟು 'ಇದು ಎಷ್ಟು ತಡೆಯುತ್ತೆ?' ಅಂತ ಕೇಳಿ ನೋಡಿ. ಯಾರೂ 24 ಅನ್ನುವುದಿಲ್ಲ. ಎಷ್ಟು ವಾಟ್‌ವರೆಗೆ ಸುಡದೆ ಇರುತ್ತದೆ ಅಂತ ಹೇಳುತ್ತಾರೆ. ಇಲ್ಲಿ ಅದು ತುಂಬ ಮುಖ್ಯ. ಕಾಲು ವಾಟಿನದು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅದಕ್ಕೆ 12 ವೋಲ್ಟ್ ಕೊಟ್ಟರೆ 6 ವಾಟ್ ಬಿಸಿ ಅದರೊಳಗೇ ಹುಟ್ಟುತ್ತದೆ. ಬಣ್ಣದ ಪಟ್ಟಿಗಳು ಕಪ್ಪಾಗುತ್ತವೆ, ಹೊಗೆ ಬರುತ್ತದೆ. ಓಮಿನ ಲೆಕ್ಕ ಸರಿಯೇ ಇತ್ತು. ಅದು 6 ವಾಟ್ 'ತಡೆಯಲಿಲ್ಲ', ಅಷ್ಟೇ. ಒಂದೇ ಫಲಕದಲ್ಲಿ ಒಂದೇ ಪದ ಎರಡು ಅರ್ಥ ಕೊಟ್ಟರೆ ಸುಟ್ಟುಕೊಳ್ಳುವುದು ಕಲಿಯುವವರ ಕೈ.

'ಪ್ರತಿರೋಧ'ವೂ ಬೇಡ. 'ಪ್ರತಿ' ಅಂದಾಗ ಎದುರಿನಿಂದ ತಳ್ಳುವುದು ನೆನಪಾಗುತ್ತದೆ. ತಿರುಗುವ ಮೋಟರ್ ಹಾಗೆ ಮಾಡುತ್ತದೆ, ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಸುಮ್ನೆ ಕೂತ ರೆಸಿಸ್ಟರ್ ಎದುರು ತಳ್ಳುವುದಿಲ್ಲ. ಹರಿವಿಗೆ ಅಡ್ಡಿಯಾಗಿ ಬಿಸಿಯಾಗುತ್ತದೆ. 'ರೋಧ' ಸಪ್ಪೆ ಪದ ನಿಜ. ಬೇರೆ ಅರ್ಥ ಅಂಟದೇ ಇರುವುದರಿಂದಲೇ ಅದು ಇಲ್ಲಿ ಒಳ್ಳೆಯದು.

ನನಗೆ ಜಾಸ್ತಿ ಚಿಂತೆ 'ಸಾಮರ್ಥ್ಯ'ದ್ದು. ಬ್ಯಾಟರಿಯ ಸಾಮರ್ಥ್ಯ ಅಂದರೆ ಎಷ್ಟು ತುಂಬಿಕೊಳ್ಳುತ್ತದೆ ಅಂತ, ಆಂಪಿಯರ್-ಗಂಟೆಯ ಲೆಕ್ಕ. 'ಅಳವು' ಅಂದರೂ ಅದೇ ಗೊಂದಲ. ಪವರ್ ಅಂದರೆ ಸೆಕೆಂಡಿಗೆ ಎಷ್ಟು ಜೂಲ್ ಅಂತ, ಅದೊಂದು ದರ. ಸಾಮರ್ಥ್ಯ ಅಂತಲೇ ಬರೆದರೂ ಪಕ್ಕದಲ್ಲಿ 'ವಾಟ್' ಅಂತ ಕಾಣಿಸಲೇಬೇಕು.

* * *

> ಎದುರು ವೋಲ್ಟೇಜ್ ಹುಟ್ಟಿಸುತ್ತದೆ

ವೋಲ್ಟೇಜ್, ರೆಸಿಸ್ಟರ್, ಮೋಟರ್. ಮೊದಲು ವೋಲ್ಟೇಜಿಗೆ 'ವಿಭವಾಂತರ' ಅನ್ನಲು ಕಲಿಯಿರಿ, ಆಮೇಲೆ ಅರ್ಥದ ಸೂಕ್ಷ್ಮ ಹೇಳಿ.

* * *

ವೋಲ್ಟೇಜಿನಲ್ಲಿ ತಪ್ಪೇನು? ಓಮ್ ಜರ್ಮನಿಯವರು, ವೋಲ್ಟಾ ಇಟಲಿಯವರು, ಆಂಪಿಯರ್ ಫ್ರಾನ್ಸಿನವರು, ವಾಟ್ ಸ್ಕಾಟ್ಲೆಂಡಿನವರು. ಓಮ್ ತಮ್ಮ ನಿಯಮ ಅಚ್ಚು ಮಾಡಿದ್ದು 1827ರಲ್ಲಿ. ಇಂಗ್ಲಿಷಿನವರು ಆ ಹೆಸರನ್ನು ಹಾಗೇ ತೆಗೆದುಕೊಂಡರು, ಅವರ ಭಾಷೆಯೇನೂ ಕೆಡಲಿಲ್ಲ. ಕಡ ತಂದ ಪದದಲ್ಲಿ ನಾನು ನೋಡುವುದು ಒಂದನ್ನೇ: ಇಲ್ಲಿಗೆ ಬಂದ ಮೇಲೆ ಅರ್ಥ ಬದಲಾಗಿದೆಯಾ? ವೋಲ್ಟೇಜ್ ಬದಲಾಗಿಲ್ಲ. 'ಕರೆಂಟ್' ಬದಲಾಗಿದೆ. 'ಕರೆಂಟ್ ಹೋಯ್ತು', 'ಕರೆಂಟ್ ಹೊಡೀತು' ಅನ್ನುವಾಗ ನಾವು ಆಂಪಿಯರ್ ಎಣಿಸುತ್ತಿಲ್ಲ, ಒಟ್ಟು ವಿದ್ಯುತ್ತನ್ನೇ ಹಾಗೆ ಕರೆಯುತ್ತೇವೆ. ಅದಕ್ಕೇ ತಲೆಬರಹದಲ್ಲಿ 'ಕರೆಂಟ್' ಬೇಡ. 'ಪ್ರವಾಹ' ಒಂಟಿಯಾಗಿ ಬಂದರೆ ನೆರೆ ಅನ್ನಿಸುತ್ತದೆ. 'ಹರಿವು' ಹಾಕಿ.

* * *

ಎಲ್ಲರಿಗೂ ಧನ್ಯವಾದ. ಫಲಕ ಕಳಿಸಿದೆ: ವೋಲ್ಟೇಜ್ (ವೋಲ್ಟ್), ಹರಿವು (ಆಂಪಿಯರ್), ರೋಧ (ಓಮ್), ಸಾಮರ್ಥ್ಯ (ವಾಟ್), ಶಕ್ತಿ (ಜೂಲ್). ಕೆಳಗೆ ಒಂದು ಸಾಲು ನಾನೇ ಸೇರಿಸಿದೆ: 'ರೋಧಕ ಎಷ್ಟು ವಾಟ್ ತಡೆಯುತ್ತದೆ ಎಂದು ಮೊದಲು ನೋಡಿ.'

* * *

ಕೊನೆಗೂ 'ತಡೆಯುತ್ತದೆ' ಅಂತಲೇ ಬರೆದಿರಿ. ಎಚ್ಚರಿಕೆಗೆ ಕನ್ನಡ ಬೇಕು, ತಲೆಬರಹಕ್ಕೆ ಬೇಡ. ಇದನ್ನು ನಾನು ಒಪ್ಪುವುದಿಲ್ಲ.