ಮಾಲ್‌ನಲ್ಲಿ ಊಟ ಎಲ್ಲಿ: ಭಾವ ಹಂಚಿದ ಪಟ್ಟಿಯ ಮೇಲೆ ನಮ್ಮ ಗುಂಪಿನ ವಾಗ್ವಾದ

ಇದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ. ಹೆಸರುಗಳ ಜಾಗದಲ್ಲಿ ನನ್ನ ಫೋನಿನಲ್ಲಿ ಇರುವಂತೆ ನಂಟಿನ ಹೆಸರುಗಳನ್ನೇ ಉಳಿಸಿಕೊಂಡಿದ್ದೇನೆ. ಅರ್ಧಂಬರ್ಧ ವಾಕ್ಯ ಬರೆದರೆ ದೊಡ್ಡಪ್ಪ ಅದನ್ನು ತಿದ್ದಿ ಎಲ್ಲರ ಮುಂದೆ ಮರಳಿ ಹಾಕುತ್ತಾರಾದ್ದರಿಂದ ನಮ್ಮಲ್ಲಿ ಜಗಳವೂ ಪೂರ್ಣ ವಾಕ್ಯಗಳಲ್ಲಿಯೇ ನಡೆಯುತ್ತದೆ.

ಭಾವ: (ಫಾರ್ವರ್ಡ್ ಆದ ಸಂದೇಶ: "ಮಾಲ್‌ನಲ್ಲಿ ತಪ್ಪದೇ ಊಟ ಮಾಡಬೇಕಾದ ಹತ್ತು ಜಾಗಗಳು")
ಭಾನುವಾರ ಮಧ್ಯಾಹ್ನ ಎಲ್ಲರೂ ಮಾಲ್‌ನಲ್ಲಿ ಸೇರುವುದು ಖಚಿತವಾಗಿದೆ. ಊಟ ಎಲ್ಲಿ ಎಂಬುದನ್ನು ಕೊನೆಯ ಗಳಿಗೆಯವರೆಗೆ ಎಳೆಯುವುದು ಬೇಡವೆಂದು ಈ ಪಟ್ಟಿಯನ್ನು ಹಂಚಿದ್ದೇನೆ. ಮೊದಲ ಸ್ಥಾನದಲ್ಲಿರುವ ಜಾಗಕ್ಕೆ ಐದರಲ್ಲಿ ನಾಲ್ಕೂವರೆ ನಕ್ಷತ್ರಗಳಿವೆ. ಯಾರದೂ ಆಕ್ಷೇಪಣೆ ಇಲ್ಲದಿದ್ದರೆ ಅಲ್ಲಿಗೇ ಹೋಗೋಣ.

ಅತ್ತೆ: ಆಕ್ಷೇಪಣೆ ಇದೆ, ಅಳಿಯಂದಿರೇ. ಆ ಫೋಟೋದಲ್ಲಿ ಕಾಣುವ ಕುರ್ಚಿಗಳಿಗೆ ಬೆನ್ನೇ ಇಲ್ಲ. ಎತ್ತರದ ಸ್ಟೂಲು ಹತ್ತಿ ಕುಳಿತು, ಕಾಲು ಇಳಿಬಿಟ್ಟುಕೊಂಡು ಊಟ ಮಾಡುವ ವಯಸ್ಸು ನನ್ನದೂ ಅಲ್ಲ, ಇವರ ದೊಡ್ಡಪ್ಪನಾದ ನಮ್ಮಣ್ಣನದಂತೂ ಅಲ್ಲವೇ ಅಲ್ಲ.

ತಮ್ಮ: ಫುಡ್ ಕೋರ್ಟ್‌ಗೆ ಹೋದರೆ ಈ ಚರ್ಚೆಯೇ ಬೇಕಾಗಿಲ್ಲ. ಅವರವರಿಗೆ ಬೇಕಾದದ್ದನ್ನು ಅವರವರು ತಂದುಕೊಂಡು ಒಂದೇ ಮೇಜಿನ ಸುತ್ತ ಕುಳಿತು ತಿನ್ನಬಹುದು, ಮತ್ತು ಒಬ್ಬರ ಆಯ್ಕೆಯನ್ನು ಹನ್ನೊಂದು ಜನರ ಮೇಲೆ ಹೇರಿದ ಅಪವಾದವೂ ಯಾರಿಗೂ ಬರುವುದಿಲ್ಲ.

ನಾನು: ಭಾವ, ನೀವು ಹಂಚಿದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಬರೆದವರು ಯಾರು, ಯಾವ ತಿಂಗಳು ಬರೆದರು, ವಾರದ ಯಾವ ದಿನ ಎಷ್ಟು ಹೊತ್ತಿಗೆ ಹೋಗಿ ಉಂಡರು ಎಂಬ ಒಂದು ಮಾತೂ ಇಲ್ಲ. ಮಾಲ್‌ನ ಮಳಿಗೆಗಳು ಸಾಮಾನ್ಯವಾಗಿ ಒಂದು ನಿಗದಿತ ಬಾಡಿಗೆಯ ಜೊತೆಗೆ ಮಾರಾಟದ ಒಂದು ಪಾಲನ್ನೋ, ಅವೆರಡರಲ್ಲಿ ಯಾವುದು ಹೆಚ್ಚೋ ಅದನ್ನೋ ಕಟ್ಟಬೇಕಾಗುತ್ತದೆ. ಅದರ ಮೇಲೆ ಓಣಿ, ಎಸ್ಕಲೇಟರ್, ಶೌಚಾಲಯಗಳ ನಿರ್ವಹಣೆಯ ಶುಲ್ಕ ಬೇರೆ. ಆ ಲೆಕ್ಕ ಸರಿಹೋಗದ ಮಳಿಗೆ ಸದ್ದಿಲ್ಲದೆ ಬಾಗಿಲು ಹಾಕುತ್ತದೆ, ಅದೇ ಜಾಗದಲ್ಲಿ ಬೇರೊಂದು ಫಲಕ ಏರುತ್ತದೆ. ಆದ್ದರಿಂದ ತಾರೀಖಿಲ್ಲದ ಪಟ್ಟಿಯಲ್ಲಿರುವ ಹತ್ತರಲ್ಲಿ ಎಷ್ಟು ಇಂದಿಗೂ ಅಲ್ಲಿವೆ ಎಂಬುದನ್ನು ಮೊದಲು ಮಾಲ್‌ನ ಸ್ವಂತ ಮಹಡಿ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಆದರೆ ನನ್ನ ಮುಖ್ಯ ತಕರಾರು ಅದಲ್ಲ. ಆ ಪಟ್ಟಿ ರುಚಿಗೆ ಅಂಕ ಕೊಡುತ್ತದೆ, ನಮಗೆ ಬೇಕಾಗಿರುವುದು ಜಾಗಕ್ಕೆ ಅಂಕ. ನಮ್ಮಲ್ಲಿ ಕಿವಿಗೆ ಯಂತ್ರ ಹಾಕಿಕೊಳ್ಳುವವರಿದ್ದಾರೆ, ಕಡಲೆಬೀಜ ಮೈಗೆ ಒಗ್ಗದ ಮಗುವಿದೆ, ಮಾಂಸ ಮುಟ್ಟದವರು ಮತ್ತು ಅದಿಲ್ಲದೆ ಊಟವೇ ಅಲ್ಲ ಎನ್ನುವವರು ಒಟ್ಟಿಗೆ ಇದ್ದಾರೆ, ಎಳೆಯುವ ಗಾಡಿಯಲ್ಲಿ ಬರುವ ಕೂಸೂ ಇದೆ. ಇವರೆಲ್ಲ ಒಂದು ಗಂಟೆ ಕುಳಿತು ಮಾತಾಡುತ್ತ ಉಣ್ಣಲು ಆಗುವ ಜಾಗ ಯಾವುದು ಎಂಬ ಪ್ರಶ್ನೆಯನ್ನು ನಕ್ಷತ್ರ ಕೊಟ್ಟವರು ಕೇಳಿಕೊಂಡೇ ಇಲ್ಲ, ಏಕೆಂದರೆ ಅವರು ಬಹುಶಃ ಇಬ್ಬರೇ ಹೋಗಿದ್ದರು.

ಭಾವ: ಹಾಗಾದರೆ ರುಚಿ ಕೆಟ್ಟಿದ್ದರೂ ಕುರ್ಚಿ ಚೆನ್ನಾಗಿದ್ದರೆ ಸಾಕು ಎಂದು ನಿನ್ನ ಅಭಿಪ್ರಾಯವೇ? ಊಟಕ್ಕೆ ಹೋಗುವವರು ಊಟವನ್ನೇ ಮರೆತರೆ ಹೇಗೆ?

ನಾನು: ಹಾಗೆ ಹೇಳುತ್ತಿಲ್ಲ, ಭಾವ. ನಿಮ್ಮ ಪಟ್ಟಿಯಲ್ಲಿ ಮೂರನೆಯದಕ್ಕೂ ಏಳನೆಯದಕ್ಕೂ ಇರುವ ರುಚಿಯ ವ್ಯತ್ಯಾಸ ನಮ್ಮಲ್ಲಿ ಹೆಚ್ಚಿನವರ ನಾಲಗೆಗೆ ತಿಳಿಯುವುದಿಲ್ಲ. ಇಪ್ಪತ್ತೈದು ನಿಮಿಷ ಟ್ರೇ ಹಿಡಿದುಕೊಂಡು ಖಾಲಿ ಮೇಜಿಗಾಗಿ ಸುತ್ತುವುದು ಮಾತ್ರ ಎಲ್ಲರ ಕಾಲಿಗೂ ತಿಳಿಯುತ್ತದೆ.

ದೊಡ್ಡಪ್ಪ: ನನ್ನ ಕಿವಿಯ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ. ಫುಡ್ ಕೋರ್ಟ್‌ನಲ್ಲಿ ಕುಳಿತರೆ ಎದುರಿಗಿರುವವರ ತುಟಿ ಆಡುವುದು ಕಾಣುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಯಂತ್ರವು ಮಾತಿನ ಜೊತೆಗೆ ತಟ್ಟೆಯ ಸದ್ದನ್ನೂ, ಕುರ್ಚಿ ಎಳೆಯುವ ಸದ್ದನ್ನೂ, ಟೋಕನ್ ಸಂಖ್ಯೆ ಕೂಗುವ ಸ್ಪೀಕರನ್ನೂ ದೊಡ್ಡದು ಮಾಡಿ ಒಳಗೆ ತುಂಬುತ್ತದೆ. ಒಂದು ಗಂಟೆ ಕಳೆದ ಮೇಲೆ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡು ಸುಮ್ಮನೆ ನಗುತ್ತ ಕೂರುವುದೇ ಲೇಸೆನಿಸುತ್ತದೆ. ನಿಮ್ಮೆಲ್ಲರನ್ನು ನೋಡಲು ಬರುತ್ತೇನೆಯೇ ಹೊರತು ಹಾಗೆ ಕೂರುವುದಕ್ಕಲ್ಲ.

ನಾನು: ದೊಡ್ಡಪ್ಪ, ಅದಕ್ಕೆ ಕಾರಣವೂ ಇದೆ. ಫುಡ್ ಕೋರ್ಟ್‌ನ ನೆಲ ಟೈಲ್ಸ್, ಸುತ್ತ ಗಾಜು, ಮೇಲೆ ಎತ್ತರದ ಚಾವಣಿ. ಶಬ್ದವನ್ನು ಹೀರಿಕೊಳ್ಳುವ ಬಟ್ಟೆ, ಪರದೆ, ಮೆತ್ತೆ ಯಾವುದೂ ಇಲ್ಲದಿರುವುದರಿಂದ ಒಮ್ಮೆ ಹುಟ್ಟಿದ ಸದ್ದು ಬೇಗ ಸಾಯುವುದಿಲ್ಲ. ಅದರ ಮೇಲೆ ಇನ್ನೊಂದು ವಿಷಯವಿದೆ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿಯೇ ವಿವರಿಸಿದ್ದರು, ಅದಕ್ಕೆ ಇಂದಿಗೂ ಅವರ ಹೆಸರೇ ಇದೆ. ಪಕ್ಕದ ಮೇಜಿನವರು ದನಿ ಏರಿಸುತ್ತಾರೆ, ಅದನ್ನು ಮೀರಲು ನಾವು ಏರಿಸುತ್ತೇವೆ, ನಮ್ಮನ್ನು ಮೀರಲು ಅವರು ಇನ್ನಷ್ಟು ಏರಿಸುತ್ತಾರೆ. ಯಾರೂ ಜಗಳವಾಡದೆಯೇ ಇಡೀ ಮಹಡಿ ಸಂತೆಯಾಗುವುದು ಹೀಗೆ. ಗೋಡೆ, ಬಾಗಿಲು, ಮೆತ್ತೆಯ ಆಸನ ಇರುವ ರೆಸ್ಟೋರೆಂಟ್‌ನಲ್ಲಿ ಇದು ಪೂರ್ತಿ ನಿಲ್ಲುವುದಿಲ್ಲವಾದರೂ ಬಹಳ ತಗ್ಗುತ್ತದೆ. ಎದುರಿನ ಮಾತನ್ನು ಹೆಚ್ಚಾಗಿ ಹಿಡಿಯುವ ಬಗೆಯ ಯಂತ್ರ ನಿಮ್ಮದಾಗಿದ್ದರೆ, ಅಡುಗೆಮನೆಯ ಬಾಗಿಲು ಮತ್ತು ಗದ್ದಲದ ಕಡೆ ನಿಮ್ಮ ಬೆನ್ನಿಗೆ ಬರುವಂತೆ, ನಾವೆಲ್ಲ ನಿಮ್ಮ ಮುಂದೆ ಇರುವಂತೆ ಕುಳಿತುಕೊಳ್ಳೋಣ.

ಚಿಕ್ಕಪ್ಪ: ನಾನು ಮೊದಲಿನಿಂದ ಹೇಳುತ್ತಿರುವುದನ್ನು ಮತ್ತೆ ಹೇಳುತ್ತೇನೆ: ಮನೆಯಲ್ಲಿ ಉಂಡು ಮಾಲ್‌ಗೆ ಹೋಗಬೇಕು. ಅಲ್ಲಿ ಊಟವನ್ನು ಇಟ್ಟಿರುವುದೇ ನಮ್ಮನ್ನು ಹೊರಗೆ ಬಿಡಬಾರದೆಂಬ ಉದ್ದೇಶದಿಂದ. ಅಮೆರಿಕದ ಮಿನೆಸೋಟಾದಲ್ಲಿ 1956ರಲ್ಲಿ ಸೌತ್‌ಡೇಲ್ ಎಂಬ ಮಾಲ್ ತೆರೆಯಿತು. ಪೂರ್ತಿ ಮುಚ್ಚಿದ, ಒಳಗೆಲ್ಲ ಹವಾನಿಯಂತ್ರಣವಿರುವ ಮಾಲ್‌ಗಳಿಗೆ ಅದೇ ಮಾದರಿಯಾಯಿತು. ಅದನ್ನು ವಿನ್ಯಾಸ ಮಾಡಿದ ವಿಯೆನ್ನಾ ಮೂಲದ ವಿಕ್ಟರ್ ಗ್ರೂಯೆನ್ ಅವರಿಗೆ ಜನ ಸೇರಿ ಮಾತಾಡುವ ಊರಿನ ಚೌಕದಂಥ ಜಾಗವನ್ನು ಕಟ್ಟುವ ಆಸೆ ಇತ್ತು. ಮುಂದೆ ಮಾಲ್‌ಗಳು ಹಿಡಿದ ದಾರಿಯನ್ನು ಕಂಡು ಬೇಸತ್ತು ಅವರೇ ಅವುಗಳಿಂದ ದೂರ ಸರಿದರು. ಹಸಿದವನು ಮನೆಗೆ ಹೊರಡುತ್ತಾನೆ, ಹೊಟ್ಟೆ ತುಂಬಿದವನು ಇನ್ನೊಂದು ಸುತ್ತು ಹಾಕುತ್ತಾನೆ. ಫುಡ್ ಕೋರ್ಟ್ ಎಷ್ಟೋ ಕಡೆ ಮೇಲಿನ ಮಹಡಿಯಲ್ಲಿರುವುದೂ ಸುಮ್ಮನೆ ಅಲ್ಲ. ಹೊಗೆಕೊಳವೆಯನ್ನು ಚಾವಣಿಗೆ ಒಯ್ಯುವುದು ಸುಲಭ ಎಂಬುದು ಒಂದು ಕಾರಣ, ಹತ್ತುವಾಗಲೂ ಇಳಿಯುವಾಗಲೂ ಎಲ್ಲ ಅಂಗಡಿಗಳೂ ನಮ್ಮ ಕಣ್ಣಿಗೆ ಬೀಳುತ್ತವೆ ಎಂಬುದು ಇನ್ನೊಂದು.

ತಮ್ಮ: ಚಿಕ್ಕಪ್ಪ, ನೀವು ತೆಗೆದ ಇತಿಹಾಸವೇ ನನ್ನ ಪರವಾಗಿದೆ. ಫಿಲಡೆಲ್ಫಿಯಾ ಬಳಿಯ ಪ್ಲಿಮತ್ ಮೀಟಿಂಗ್ ಮಾಲ್‌ನಲ್ಲಿ ಮಾಲ್‌ಗಳನ್ನು ಕಟ್ಟುವ ರೌಸ್ ಕಂಪನಿ 1971ರಲ್ಲಿ ಒಂದು ಫುಡ್ ಕೋರ್ಟ್ ಮಾಡಿದಾಗ ಅದು ಚಿಕ್ಕದಾಯಿತು, ಬಗೆಬಗೆಯ ಮಳಿಗೆಗಳಿಲ್ಲ ಎಂದು ಸೋತಿತು. ಅದೇ ಕಂಪನಿ 1974ರಲ್ಲಿ ನ್ಯೂಜೆರ್ಸಿಯ ಪ್ಯಾರಾಮಸ್ ಪಾರ್ಕ್‌ನಲ್ಲಿ ಎರಡನೆಯ ಮಹಡಿಯಲ್ಲಿ ಮಾಡಿದ್ದು ಗೆದ್ದಿತು. ಒಬ್ಬೊಬ್ಬರಿಗೆ ಒಂದೊಂದು ಬೇಕೆಂಬ ನಮ್ಮಂಥ ಗುಂಪುಗಳಿಗೆ ಹಲವು ಬಗೆ ಒಂದೇ ಕಡೆ ಸಿಕ್ಕಿದ್ದೇ ಆ ಗೆಲುವಿಗೆ ಕಾರಣ. ನಾನೇನೂ ಹೊಸದನ್ನು ಕೇಳುತ್ತಿಲ್ಲ.

ನಾನು: ಬಗೆ ಹಲವು ಸಿಗುತ್ತವೆ ಎಂಬುದನ್ನು ಒಪ್ಪುತ್ತೇನೆ, ಮತ್ತು ನೀನು ನಿನ್ನ ಗೆಳೆಯರ ಜೊತೆ ಹೋಗುವುದಾದರೆ ಫುಡ್ ಕೋರ್ಟ್‌ಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಹನ್ನೊಂದು ಜನ ನಾಲ್ಕು ಕೌಂಟರ್‌ಗಳಲ್ಲಿ ಸಾಲು ನಿಂತರೆ ನಾಲ್ಕು ಬೇರೆ ಬೇರೆ ಹೊತ್ತಿಗೆ ಊಟ ಬರುತ್ತದೆ. ಮೊದಲು ತಂದವರದು ತಣ್ಣಗಾಗುವುದೋ, ಅವರು ಕಾಯದೆ ಮುಗಿಸುವುದೋ, ಎರಡರಲ್ಲೊಂದು ಆಗುತ್ತದೆ. ಕೊನೆಯವನು ಟ್ರೇ ತರುವ ಹೊತ್ತಿಗೆ ಮೊದಲನೆಯವರು ಕೈ ತೊಳೆದು ಫೋನ್ ನೋಡುತ್ತಿರುತ್ತಾರೆ. ಮೇಜು ಕಾಯಲು ಒಬ್ಬರು ಕೂರಲೇಬೇಕು, ಆ ಒಬ್ಬರು ಪ್ರತಿ ಸಲವೂ ಅತ್ತೆಯೇ ಆಗಿರುತ್ತಾರೆ.

ಅತ್ತೆ: ನಾಲ್ಕು ಕುರ್ಚಿಗಳ ಮೇಲೆ ನಾಲ್ಕು ಚೀಲ ಇಟ್ಟು, ಬಂದವರಿಗೆಲ್ಲ "ಇಲ್ಲಿ ಜನ ಇದ್ದಾರೆ" ಎಂದು ಹೇಳುತ್ತ ಕೂರುವ ಆ ಕೆಲಸವನ್ನು ಈ ಸಲ ಬೇರೆ ಯಾರಾದರೂ ವಹಿಸಿಕೊಳ್ಳಬಹುದು. (ಚಿಕ್ಕಪ್ಪನಿಗೆ) ತಮ್ಮಾ, ನೀನು "ಮನೆಯಲ್ಲಿ ಉಂಡು ಬಾ" ಎನ್ನುವುದು ಸುಲಭ, ಉಣಿಸಿ ಕಳುಹಿಸುವವರು ಯಾರು ಎಂಬುದನ್ನು ಹೇಳಲಿಲ್ಲ.

ಚಿಕ್ಕಪ್ಪ: ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲದಿರುವುದರಿಂದ ನನ್ನ ಸಲಹೆಯನ್ನು ಸದ್ಯಕ್ಕೆ ಹಿಂದೆ ತೆಗೆದುಕೊಳ್ಳುತ್ತೇನೆ.

ಅಕ್ಕ: ಎಲ್ಲರೂ ಕುರ್ಚಿ, ಕಿವಿ, ಇತಿಹಾಸ ಎಂದು ಮಾತಾಡುತ್ತಿದ್ದೀರಿ, ನನ್ನ ಚಿಂತೆ ಮಗಳ ಕಡಲೆಬೀಜದ್ದು. ಫುಡ್ ಕೋರ್ಟ್‌ನ ಕೌಂಟರ್‌ನಲ್ಲಿ ಕೇಳಿದರೆ ಅಲ್ಲಿ ನಿಂತಿರುವವನಿಗೆ ಗೊತ್ತಿರುವುದಿಲ್ಲ, ಏಕೆಂದರೆ ಗ್ರೇವಿ, ಸಾಸ್‌ಗಳನ್ನು ಎಷ್ಟೋ ಕಡೆ ಬೇರೊಂದು ಅಡುಗೆಮನೆಯಲ್ಲಿ ಮಾಡಿ ಡಬ್ಬಿಗಳಲ್ಲಿ ತಂದಿರುತ್ತಾರೆ, ಇಲ್ಲಿ ಬಿಸಿ ಮಾಡಿ ಜೋಡಿಸುವುದಷ್ಟೇ ಕೆಲಸ. "ಇದರಲ್ಲಿ ಕಡಲೆಬೀಜ ಇದೆಯೇ" ಎಂದರೆ ಪ್ರತಿಯೊಬ್ಬರೂ ಇಲ್ಲ ಎನ್ನುತ್ತಾರೆ. ಕೇಳಬೇಕಾದದ್ದು "ಇದನ್ನು ಕರಿದ ಎಣ್ಣೆಯಲ್ಲಿ ಇವತ್ತು ಇನ್ನೇನನ್ನು ಕರಿದಿದ್ದೀರಿ" ಎಂದು. ಈ ಪ್ರಶ್ನೆಗೆ ತಡವರಿಸಿದರೆ ನಾನು ಅಲ್ಲಿಂದ ಎದ್ದುಬಿಡುತ್ತೇನೆ. ಅದೇ ಪ್ರಶ್ನೆ ಮಾಂಸ ಮುಟ್ಟದವರಿಗೂ ಬೇಕು, ಅವರು ಕೇಳುವುದನ್ನು ಮಾತ್ರ ನಾನು ಕಂಡಿಲ್ಲ. ರೆಸ್ಟೋರೆಂಟ್ ಆದರೆ ಮೊದಲೇ ಫೋನ್ ಮಾಡಿ ಅಡುಗೆಯವರನ್ನೇ ಮಾತಾಡಿಸಬಹುದು.

ಭಾವ: ಬಫೆ ಇರುವ ಜಾಗವೂ ಪಟ್ಟಿಯಲ್ಲಿದೆ, ಅದು ಐದನೆಯದು. ಅಲ್ಲಿ ಎಲ್ಲ ಬಗೆಯೂ ಇರುತ್ತದೆ, ಸಾಲು ನಿಲ್ಲುವ ತೊಂದರೆಯೂ ಇಲ್ಲ, ಕೂರುವ ಜಾಗವೂ ಚೆನ್ನಾಗಿದೆ. ಇದಕ್ಕಾದರೂ ಎಲ್ಲರೂ ಒಪ್ಪಬೇಕು.

ನಾನು: ಬಫೆಗೆ ಹೋಗುವುದಾದರೆ ತೆರೆದ ಕೂಡಲೇ ಹೋಗಬೇಕು, ಮುಚ್ಚುವ ಹೊತ್ತಿಗಲ್ಲ. ಬೇಯಿಸಿದ ಅಡುಗೆಯನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಯೇ ಇಡಬೇಕು, ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು, ತಣ್ಣಗಿಡುವುದನ್ನು 5 ಡಿಗ್ರಿಗಿಂತ ಕೆಳಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಥರ್ಮಾಮೀಟರ್ ಒಯ್ಯಲಾರೆವು, ಆದರೆ ಮುಚ್ಚಳ ತೆಗೆದಾಗ ಹಬೆ ಏಳುತ್ತದೆಯೇ, ಪಾತ್ರೆಯ ಕೆಳಗಿನ ಉರಿ ಹೊತ್ತಿದೆಯೇ, ಖಾಲಿಯಾದಾಗ ಪಾತ್ರೆಯನ್ನೇ ಬದಲಿಸುತ್ತಾರೆಯೇ ಅಥವಾ ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾರೆಯೇ ಎಂಬುದನ್ನು ನೋಡಲು ಯಾವ ಉಪಕರಣವೂ ಬೇಡ. ಅಕ್ಕನ ಮಟ್ಟಿಗೆ ಬಫೆಯೇ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಒಂದು ಪಾತ್ರೆಯ ಸೌಟನ್ನು ಇನ್ನೊಂದರಲ್ಲಿ ಅದ್ದುವವರು ಅಡುಗೆಯವರಲ್ಲ, ನಮ್ಮಂಥ ಅತಿಥಿಗಳು.

ಅಕ್ಕ: ಬಫೆ ಬೇಡ.

ಭಾವ: ಬಫೆ ಬೇಡ, ಸ್ಟೂಲ್ ಬೇಡ, ಫುಡ್ ಕೋರ್ಟ್ ಬೇಡ. ಬೇಕಾದದ್ದು ಯಾವುದೆಂದು ಒಬ್ಬರಾದರೂ ಹೇಳಿದರೆ ನನಗೂ ನೆಮ್ಮದಿ.

ನಾನು: ಹೇಳುತ್ತೇನೆ, ಭಾವ. ನಿಮ್ಮ ಪಟ್ಟಿಯಲ್ಲಿ ಎಂಟನೆಯದು ಬಾಗಿಲಿರುವ ರೆಸ್ಟೋರೆಂಟ್. ಲಿಫ್ಟ್ ಇಳಿದರೆ ಎದುರಿಗೇ ಇದೆ ಎಂದು ಅದರ ವಿವರದಲ್ಲಿದೆ, ಫೋಟೋದಲ್ಲಿ ಗೋಡೆಗೆ ಒತ್ತಿಕೊಂಡ ಉದ್ದನೆಯ ಮೆತ್ತೆಯ ಆಸನ ಕಾಣುತ್ತದೆ. ಎರಡೂ ಬಗೆಯ ಅಡುಗೆ ಇದೆ. ನಕ್ಷತ್ರ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ, ಕೆಳಗಿನ ದೂರುಗಳನ್ನು ಓದಿದರೆ ಹೆಚ್ಚಿನವು ರುಚಿಯ ಮೇಲಲ್ಲ, ಭಾನುವಾರ ಒಂದೂವರೆಗೆ ಹೋಗಿ ಬಾಗಿಲಲ್ಲಿ ಕಾದವರವು. ನಾವು ಹನ್ನೆರಡಕ್ಕೆ ಹೋದರೆ ಆ ದೂರು ನಮಗೆ ಅನ್ವಯಿಸುವುದಿಲ್ಲ. ಹೊತ್ತು ಕಾಯುವ ಮಕ್ಕಳಿಗೆ ಏನು ಮಾಡುವುದೆಂದು ತಮ್ಮ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಮಕ್ಕಳದ್ದನ್ನು ಕುಳಿತ ಕೂಡಲೇ ಮೊದಲು ಹೇಳಿ ತರಿಸೋಣ, ದೊಡ್ಡವರು ನಿಧಾನವಾಗಿ ಮೆನು ನೋಡಲಿ.

ತಮ್ಮ: ಇದರಲ್ಲಿ ಫುಡ್ ಕೋರ್ಟ್‌ಗಿಂತ ಖರ್ಚು ಹೆಚ್ಚಾಗುತ್ತದೆ ಎಂಬುದನ್ನೂ ದಾಖಲಿಸಿಕೊಳ್ಳಿ.

ದೊಡ್ಡಪ್ಪ: ದಾಖಲಾಗಿದೆ. ಹೆಚ್ಚಾದದ್ದನ್ನು ನಾನು ಕೊಡುತ್ತೇನೆ. ಆದರೆ ಬಿಲ್ಲನ್ನು ನನ್ನ ಕೈಗೆ ಕೊಡಿ. ಸೇವಾ ಶುಲ್ಕವನ್ನು ಅವರೇ ಸೇರಿಸಿರುವುದನ್ನು ನೋಡದೆ ಮೇಲೆ ಮತ್ತೆ ಟಿಪ್ಸ್ ಇಡುವ ಅಭ್ಯಾಸ ಈ ಮನೆಯ ಅಳಿಯನಿಗಿದೆ.

ಭಾವ: ಎಂಟನೆಯ ಜಾಗಕ್ಕೆ ಈಗಷ್ಟೇ ಫೋನ್ ಮಾಡಿದೆ. ಅದು ಇನ್ನೂ ಇದೆ. ಹನ್ನೆರಡಕ್ಕೆ ಗೋಡೆಯ ಪಕ್ಕದ ಎರಡು ಮೇಜುಗಳನ್ನು ಜೋಡಿಸಿ ಇಡುತ್ತಾರೆ, ಹದಿನೈದು ನಿಮಿಷಕ್ಕಿಂತ ಹೆಚ್ಚು ತಡವಾದರೆ ಬಿಟ್ಟುಕೊಡುತ್ತಾರೆ. ಅಡುಗೆಯವರ ಜೊತೆಯೂ ಮಾತಾಡಿದೆ. ಕರಿಯುವ ಎಣ್ಣೆ ಎಲ್ಲಕ್ಕೂ ಒಂದೇ, ಬೇರೆ ಇಡುವುದಿಲ್ಲವೆಂದು ನೇರವಾಗಿ ಹೇಳಿದರು.

ಅಕ್ಕ: ಹೀಗೆ ನೇರವಾಗಿ ಹೇಳುವ ಅಡುಗೆಯವರು ಸಿಕ್ಕಿದ್ದೇ ಸಾಕು. ಮಗಳಿಗೆ ಕರಿದದ್ದು ಯಾವುದೂ ಬೇಡ, ಉಳಿದದ್ದರಲ್ಲಿ ಕಡಲೆಬೀಜ ತಾಗದ್ದು ಯಾವುದೆಂದು ನಾನೇ ಅಲ್ಲಿ ಹೋದ ಮೇಲೆ ಅವರನ್ನು ಕೇಳಿ ಹೇಳುತ್ತೇನೆ. ಮಾಂಸ ಮುಟ್ಟದವರೂ ಕರಿದದ್ದನ್ನು ಬಿಡಬೇಕಾಗುತ್ತದೆ. ಔಷಧಿ ನನ್ನ ಚೀಲದಲ್ಲಿ ಇರುತ್ತದೆ.

ತಮ್ಮ: ನಾನು ಹನ್ನೆರಡೂವರೆಗೆ ಬರುತ್ತೇನೆ. ನನಗಾಗಿ ಯಾರೂ ಕಾಯಬೇಕಾಗಿಲ್ಲ.

ಅತ್ತೆ: ಯಾರೂ ಕಾಯುವುದಿಲ್ಲ. ನಿನ್ನ ಕುರ್ಚಿಯ ಮೇಲೆ ನಾನು ಚೀಲ ಇಡುವುದೂ ಇಲ್ಲ.