ಹಿಂದಿನ ಸಾಲಿನಲ್ಲಿ ಸಿಗ್ನಲ್ ಇಲ್ಲ: ಅರ್ಜಿಗೆ ಸಹಿ ಬೇಕು

ಮನೆ 27: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅತ್ತೆಯವರಿಗೆ ಏದುಸಿರು ಬಂದಾಗ ವೈದ್ಯರಿಗೆ ಕರೆ ಮಾಡಲು ತಾರಸಿ ಹತ್ತಬೇಕಾಯಿತು. ಮೂಲೆಮನೆಯ ಮೇಲಿದ್ದ ಟವರ್ ಹೋದಂದಿನಿಂದ ನಮ್ಮ ಸಾಲಿನಲ್ಲಿ ಇದೇ ಪಾಡು. ಮೊಬೈಲ್ ಕಂಪನಿಗೆ ಒಟ್ಟಾಗಿ ಅರ್ಜಿ ಕೊಡೋಣ. ಯಾರು ಯಾರು ಸಹಿ ಹಾಕುತ್ತೀರಿ?

ಮನೆ 8: ಅತ್ತೆಯವರು ಈಗ ಹೇಗಿದ್ದಾರೆ? ನನ್ನ ಸಹಿ ಇದೆ. ಆದರೆ ಟವರ್ ತೆಗೆಯಿರಿ ಎಂಬ ಅರ್ಜಿಗೂ ಸಹಿ ಹಾಕಿದವರು ನಾವೇ!

ಮನೆ 3: ಹಾಕಿದ್ದೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆ ಜನರೇಟರ್ ಗದ್ದಲದ ಪಕ್ಕದಲ್ಲಿ ಮಲಗಿದವನು ನಾನು, ನೀವಲ್ಲ. ಸಾಲದ್ದಕ್ಕೆ ವಿಕಿರಣ.

ಮನೆ 27: ಅತ್ತೆ ಸುಧಾರಿಸಿಕೊಂಡಿದ್ದಾರೆ.

ಮನೆ 19: ಗದ್ದಲದ ವಿಷಯದಲ್ಲಿ ರಾಯರ ಮಾತು ನಿಜ. ವಿಕಿರಣದ ಲೆಕ್ಕ ಮಾತ್ರ ತಿರುಗುಮುರುಗಾಗಿದೆ. ಮೊಬೈಲ್ ಟವರುಗಳ ಕೆಲಸದಲ್ಲೇ ತಲೆ ನರೆತವನಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಟವರಿನ ಆಂಟೆನಾ ತರಂಗಗಳನ್ನು ದೂರಕ್ಕೆ, ತುಸುವೇ ಬಾಗಿಸಿ ಎಸೆಯುತ್ತದೆ. ನೇರ ಕೆಳಗೆ ಬೀಳುವುದು ಅಲ್ಪ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವಲ್ಲ, ಹಾಗೆ. ಇನ್ನು ಫೋನು. ಎಷ್ಟು ಜೋರಾಗಿ ಪ್ರಸಾರ ಮಾಡಬೇಕೆಂದು ಅದಕ್ಕೆ ಕ್ಷಣಕ್ಷಣಕ್ಕೂ ಹೇಳುವುದು ಬೇಸ್ ಸ್ಟೇಷನ್, ಅಂದರೆ ಟವರಿನಲ್ಲಿರುವ ರೇಡಿಯೊ ಉಪಕರಣ. ಹತ್ತಿರವಿದ್ದರೆ ಪಿಸುಮಾತು ಸಾಕು. ದೂರವಾದರೆ 4ಜಿ ಫೋನು ತನ್ನ ಗರಿಷ್ಠ ಮಿತಿಯಾದ ಸುಮಾರು 200 ಮಿಲಿವ್ಯಾಟ್‌ವರೆಗೂ ಕೂಗುತ್ತದೆ, ಅದೂ ಕಿವಿಗೆ ಅಂಟಿಕೊಂಡು. ಬ್ಯಾಟರಿ ಬೇಗ ಬರಿದಾಗುವುದಕ್ಕೆ ಇದೂ ಒಂದು ಕಾರಣ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ತರಂಗಗಳನ್ನು ‘ಕ್ಯಾನ್ಸರ್ ತರಬಹುದಾದ ಸಾಧ್ಯತೆ’ಯ ಪಟ್ಟಿಗೆ ಸೇರಿಸಿದಾಗಲೂ ಮುಖ್ಯವಾಗಿ ನೋಡಿದ್ದು ತಲೆಗೆ ಹಿಡಿಯುವ ಫೋನನ್ನು.

ಮನೆ 31: ನಮ್ಮ ಮುಂದಿನ ಸಾಲಿನಲ್ಲಿ ಕಡ್ಡಿಗಳು ಪೂರ್ತಿ ಇವೆ. ಆದರೂ ಸಂಜೆ ಏಳಾಯಿತೆಂದರೆ ವಿಡಿಯೊ ಸುತ್ತುತ್ತಲೇ ಇರುತ್ತದೆ. ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಿ.

ಮನೆ 19: ಸೇರಿಸೋಣ, ಆದರೆ ಬೇರೆ ದೂರಾಗಿ. ನಿಮ್ಮದು ಸಿಗ್ನಲ್ ಕೊರತೆಯಲ್ಲ, ನೂಕುನುಗ್ಗಲು ಇರಬೇಕು. ಒಂದು ಬೇಸ್ ಸ್ಟೇಷನ್ ಸುತ್ತಲಿನ ಪ್ರದೇಶವನ್ನು ಸಾಮಾನ್ಯವಾಗಿ ಮೂರು ದಿಕ್ಕುಗಳಾಗಿ ಹಂಚಿಕೊಂಡಿರುತ್ತದೆ. ಒಂದು ದಿಕ್ಕಿನವರೆಲ್ಲ ಒಂದೇ ತರಂಗಪಟ್ಟಿಯನ್ನು ಹಂಚಿಕೊಳ್ಳಬೇಕು. ಊರನ್ನು ಸಣ್ಣ ಕೋಶಗಳಾಗಿ ಸೀಳಿ ಅದೇ ತರಂಗಗಳನ್ನು ಮತ್ತೆ ಮತ್ತೆ ಬಳಸುವ ಈ ಉಪಾಯ 1947ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಹೊಳೆದದ್ದು. ಜನ ಹೆಚ್ಚಿದಷ್ಟೂ ಕೋಶ ಚಿಕ್ಕದಾಗಬೇಕು. ಹಿಂದಿನ ಸಾಲಿಗೆ ಬೇಕಿರುವುದು ಹೊಸ ಆಂಟೆನಾ, ನಿಮಗೆ ಹೆಚ್ಚಿನ ಸಾಮರ್ಥ್ಯ. ಎರಡನ್ನೂ ಕಲಸಿ ‘ನೆಟ್‌ವರ್ಕ್ ಸರಿಯಿಲ್ಲ’ ಎಂದು ಬರೆದರೆ ‘ಪರಿಶೀಲಿಸಲಾಗುತ್ತಿದೆ’ ಎಂಬ ಒಂದೇ ಉತ್ತರ ಬರುತ್ತದೆ. ಅಂಥ ಉತ್ತರಗಳನ್ನು ನಾನೂ ಬರೆದಿದ್ದೇನೆ.

ಮನೆ 12: ಅಷ್ಟರವರೆಗೆ ಸಿಗ್ನಲ್ ಹೆಚ್ಚಿಸುವ ಒಂದು ಬೂಸ್ಟರ್ ತರಿಸಿಕೊಳ್ಳಲೇ?

ಮನೆ 19: ದಯವಿಟ್ಟು ಬೇಡ. ಅನುಮತಿಯಿಲ್ಲದ ಬೂಸ್ಟರ್ ಬೇಸ್ ಸ್ಟೇಷನ್ನಿನ ಕಿವಿಗೆ ಕೀರಲು ಸದ್ದು ತುಂಬುತ್ತದೆ. ನೆರೆಯವರ ಕರೆಗಳೂ ಕಡಿಯುತ್ತವೆ. ಮನೆಯಲ್ಲಿ ವೈಫೈ ಇದ್ದರೆ ಫೋನಿನಲ್ಲಿ ವೈಫೈ ಕರೆ ಆನ್ ಮಾಡಿ. ಜೀವದ ಪ್ರಶ್ನೆಯಾದರೆ 112 ಒತ್ತಿ, ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೂ ಆ ಕರೆ ಹೋಗುತ್ತದೆ.

ಮನೆ 27: ಹಾಗಾದರೆ ಅರ್ಜಿಯಲ್ಲಿ ಏನು ಬರೆಯಲಿ?

ಮನೆ 19: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ, ಕೆಲವು ಫೋನುಗಳಿಗೆ ಆ್ಯಪ್ ಬೇಕು. ಈ ಅಳತೆಯಲ್ಲಿ ಪ್ರತಿ 10 ಇಳಿದಾಗಲೂ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ, ಹಾಗಾಗಿ –90 ಇದ್ದದ್ದು –120 ಆದರೆ ಸಾವಿರದಲ್ಲಿ ಒಂದು ಪಾಲು ಉಳಿದಂತೆ. ಪ್ರತಿ ಮನೆಯವರೂ ಕೋಣೆ, ಹೊತ್ತು, ಕಂಪನಿ, ಅಂಕಿ ಬರೆದು ಇಲ್ಲಿ ಹಾಕಿ. ನಕ್ಷೆಯ ಮೇಲೆ ಗುರುತು ಮಾಡುವ ಕೆಲಸ ನನ್ನದು.

ಮನೆ 3: ಹೊಸ ಟವರ್ ಬರುವುದಾದರೆ ಜನರೇಟರ್ ಬೇಡ, ಬ್ಯಾಟರಿ ಇರಲಿ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ನನ್ನ ಸಹಿ ಇಲ್ಲ.

ಮನೆ 27: ಮೊದಲ ಸಾಲಿನಲ್ಲೇ ಬರೆಯುತ್ತೇನೆ ರಾಯರೇ.

ಮನೆ 3: ಅಡುಗೆಮನೆ, ರಾತ್ರಿ 9.10, –118. ತಾರಸಿಯದು ಬೆಳಿಗ್ಗೆ ಹೇಳುತ್ತೇನೆ, ಈಗ ಮೊಣಕಾಲು ಬಿಡುತ್ತಿಲ್ಲ.